ಹಿತ್ತಲ ಹಲಸಿನ ಬೊಡ್ಡೆ ಕಿತ್ತ ಹನ್ನೊಂದು ದಿನ

ಈ ಸಲ ರಾಗಿ, ಅಡಿಕೆ, ತೆಂಗಿನ ಸುದ್ದಿ ಇಲ್ಲ. ಹಿತ್ತಲಲ್ಲಿದ್ದ ಹಲಸಿನ ಬೊಡ್ಡೆ ಕಿತ್ತ ಕಥೆ. ಸ್ವಲ್ಪ ಉದ್ದ ಇದೆ, ಸಂಜೆ ಹಾಲು ಕರೆದು ಮುಗಿಸಿ ನಿಧಾನಕ್ಕೆ ಓದಿ.

ಮರ ಬಿದ್ದು ಎರಡು ವರ್ಷ ಆಯ್ತು. ಮೇ ತಿಂಗಳ ಗಾಳಿಮಳೆ, ರಾತ್ರಿ ಊಟ ಮುಗಿಸಿ ಎದ್ದಿದ್ವಿ ಅಷ್ಟೇ, ಹಿತ್ತಲಲ್ಲಿ ಲಟಲಟ ಅಂತ ಸದ್ದು. ಟಾರ್ಚು ಹಾಕಿ ನೋಡಿದ್ರೆ ಮರ ಮಲಗಿದೆ. ಬುಡಸಮೇತ ಕಿತ್ತು ಬಿದ್ದಿರಲಿಲ್ಲ. ಯಾವಾಗಲೋ ದಪ್ಪ ಕೊಂಬೆ ಒಂದನ್ನ ಅಡ್ಡಾದಿಡ್ಡಿ ಕಡಿದಿದ್ರು, ಆ ಗಾಯದಲ್ಲಿ ನೀರು ಇಳಿದು ಒಳಗೆ ಪೊಳ್ಳಾಗಿತ್ತು. ಎದೆಮಟ್ಟದಲ್ಲಿ ಅಲ್ಲೇ ಮುರಿದಿತ್ತು. ಪುಣ್ಯಕ್ಕೆ ಕೊಟ್ಟಿಗೆ ಒಂದು ಮಾರು ದೂರದಲ್ಲಿ ಉಳೀತು.

ನಮ್ಮ ಗುಬ್ಬಿ ಕಡೆ ಹಿತ್ತಲಲ್ಲಿ ಒಂದು ಹಲಸು ಇಲ್ಲದ ಮನೆ ಕಮ್ಮಿ. ಇದು ಚಂದ್ರ ಹಲಸು, ತೊಳೆ ಕೆಂಪು. ಹಣ್ಣು ದೊಡ್ಡದಲ್ಲ, ಆದ್ರೆ ಒಂದು ಹಣ್ಣು ಕೊಯ್ದರೆ ಬೀದಿ ತುದಿಗೆ ವಾಸನೆ ಹೋಗೋದು. ಬಿದ್ದ ಮರ ನಾಟಾದವರಿಗೆ ಕೊಟ್ಟೆ. 14,000 ರೂಪಾಯಿ ಬಂತು. ಬೊಡ್ಡೆ ಮಾತ್ರ ಅಲ್ಲೇ ಉಳೀತು. ನೆಲಮಟ್ಟಕ್ಕೆ ಕುಯ್ದುಕೊಡ್ತೀವಿ ಅಂದ್ರು, ನಾನು ಸೋಮಾರಿತನಕ್ಕೆ ಇರಲಿ ಬಿಡಿ ಅಂದೆ. ಆ ಸೋಮಾರಿತನವೇ ಮುಂದೆ ಕೈ ಹಿಡೀತು, ಯಾಕೆ ಅಂತ ಹೇಳ್ತೀನಿ.

ಅವ್ವನಿಗೆ 72. ಮಂಡಿ ಹೋಗಿದೆ. ತೋಟ ಮನೆಯಿಂದ ಒಂದು ಕಿಲೋಮೀಟರ್. ಮೊದಲೆಲ್ಲ ಬೆಳಿಗ್ಗೆ ಹೋಗಿ ಮಡಿಲಲ್ಲಿ ಬದನೆ, ಸೊಪ್ಪು ತುಂಬಿಕೊಂಡು ಬರೋಳು. ಈಗ ಆಗಲ್ಲ. "ಹಿತ್ಲಲ್ಲಿ ನಾಕು ಪಾತಿ ಮಾಡ್ಕೊಡು, ಕುಂತ್ಕಂಡು ಕಳೆ ಕೀಳ್ತೀನಿ" ಅಂತ ಎರಡು ವರ್ಷದಿಂದ ಕೇಳ್ತಾ ಇದ್ಲು. ಬಿಸಿಲು ಬೀಳೋ ಜಾಗ, ಬಚ್ಚಲ ನೀರು ಹರಿಯೋ ಜಾಗ, ಎಲ್ಲಾ ಸೇರಿ ಇರೋದು ಒಂದೇ ಕಡೆ. ಸರಿಯಾಗಿ ಅದರ ಮಧ್ಯಕ್ಕೆ ಈ ಬೊಡ್ಡೆ.

ಜೆಸಿಬಿ ತರಿಸಿದ್ರೆ ಒಂದು ಗಂಟೆ ಕೆಲಸ, ಗೊತ್ತು. ಡ್ರೈವರ್ ಬಂದು ನೋಡಿದ. ಗಂಟೆಗೆ 1,200, ಎರಡು ಗಂಟೆಗೆ ಕಮ್ಮಿ ಬರಲ್ಲ ಅಂದ. ಅದಿರಲಿ, ಒಳಗೆ ಬರೋಕೆ ಓಣಿ ಕಡೆ ಗೋಡೆ ಒಡೀಬೇಕು, ಬಚ್ಚಲ ಇಂಗುಗುಂಡಿ ಮೇಲೆ ಹತ್ತಿಸಬೇಕು. ಗೋಡೆ ಮತ್ತೆ ಕಟ್ಟೋ ಖರ್ಚು ನೆನೆಸಿಕೊಂಡು ಕೈಮುಗಿದು ಕಳಿಸಿದೆ.

ಸಲಹೆ ಕೊಡೋರು ಬಹಳ ಜನ. ಸುಟ್ಟುಬಿಡು ಅಂದ್ರು. ಹತ್ತು ಹೆಜ್ಜೆ ದೂರದಲ್ಲಿ ಹುಲ್ಲಿನ ಮೆದೆ ಇದೆ. ಜೊತೆಗೆ ಹಸಿ ಬೊಡ್ಡೆ ಉರಿಯಲ್ಲ, ಹೊಗೆಯಾಡ್ತಾ ಬೇರಿನ ಒಳಗೇ ಕೆಂಡ ಇಟ್ಟುಕೊಂಡು ದಿನಗಟ್ಟಲೆ ಹೋಗುತ್ತೆ, ಎಲ್ಲಿ ಏಳುತ್ತೆ ಅಂತ ಹೇಳೋಕಾಗಲ್ಲ. ತೂತು ಕೊರೆದು ಉಪ್ಪು ತುಂಬು ಅಂದ್ರು. ತರಕಾರಿ ಮಾಡೋ ಮಣ್ಣಿಗೆ ಉಪ್ಪು ಹಾಕಿ ಆಮೇಲೆ ಏನು ಬೆಳೆಯೋದು? ಸಗಣಿ ಬಗ್ಗಡ ಸುರಿದು ಕೊಳೆಸು ಅಂದ ಒಬ್ಬ. ಬೇರೆ ಮರ ಆಗಿದ್ರೆ ಅದು ಒಳ್ಳೇ ದಾರಿ. ಆದ್ರೆ ಹಲಸಿನ ಹಳದಿ ತಿರುಳಿಗೆ ಗೆದ್ದಲೂ ಸುಲಭಕ್ಕೆ ಬಾಯಿ ಹಾಕಲ್ಲ, ಅದಕ್ಕೇ ಬಾಗಿಲು ಕಿಟಕಿಗೆ ಬಳಸೋದು. ಕೊಳೆಯೋಕೆ ವರ್ಷಗಟ್ಟಲೆ ಬೇಕು. ಅಷ್ಟು ವರ್ಷ ಕಾಯಿ ಅಂತ ಅವ್ವನಿಗೆ ಹೇಳೋ ಧೈರ್ಯ ನನಗಿರಲಿಲ್ಲ.

ಇನ್ನೊಂದು ವಿಷಯ. ಬೊಡ್ಡೆ ಸತ್ತಿರಲಿಲ್ಲ. ಸುತ್ತಲೂ ಚಿಗುರು ಹೊಡೆದಿತ್ತು. ಹೋದ ವರ್ಷದ್ದು ಮೇಕೆ ತಿಂದಿತ್ತು, ಈ ವರ್ಷದ್ದಕ್ಕೆ ಮುಳ್ಳು ಕಟ್ಟಿದ್ದೆ. ಬದುಕಿರೋದನ್ನ ಕೀಳೋಕೆ ಕೈ ಬರಲ್ಲ. ಅದಕ್ಕೆ ಜುಲೈನಲ್ಲೇ ಪೆನ್ಸಿಲ್ ದಪ್ಪದ ಹನ್ನೆರಡು ಕಡ್ಡಿ ತೆಗೆದು ಕಸಿ ಕಟ್ಟಿದೆ. ಹಲಸಿನ ಬೀಜದ ಸಸಿ ಎರಡೂವರೆ ತಿಂಗಳದ್ದು ಕವರಿನಲ್ಲಿ ಸಿದ್ಧ ಇತ್ತು. ಕಡ್ಡಿ ಕತ್ತರಿಸೋ ವಾರದ ಮೊದಲು ಎಲೆ ತೆಗೆದು ತೊಟ್ಟು ಮಾತ್ರ ಬಿಟ್ಟಿದ್ದೆ, ಹಂಗೆ ಮಾಡಿದ್ರೆ ಮೊಗ್ಗು ಉಬ್ಬುತ್ತೆ. ಸಸಿ ತಲೆ ಕತ್ತರಿಸಿ, ಸೀಳಿ, ಕಡ್ಡಿಯನ್ನ ಬೆಣೆ ಥರ ಚೂಪು ಮಾಡಿ ಇಳಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೆ ಪೆಪ್ಸಿ ಐಸ್ ಕವರು ತೊಡಿಸಿದೆ. ಹಲಸಿನ ಸೋನೆ ಚಾಕುವಿಗೆ ಅಂಟಿಕೊಂಡು ಕಾಡುತ್ತೆ, ಪ್ರತಿ ಸಲ ಒರೆಸಬೇಕು. ಹನ್ನೆರಡರಲ್ಲಿ ಐದು ಉಳೀತು. ಕಸಿ ಕಟ್ಟೋರು ನಗಬಹುದು, ನನಗೆ ಐದು ಸಾಕು. "ಸಿದ್ದು ಹಲಸು ತಂದು ನೆಡು, ಇದ್ಯಾಕೆ?" ಅಂದ್ರು ಕೆಲವರು. ನಮ್ಮ ತಾಲ್ಲೂಕಿನ ಚೇಳೂರಿನದೇ ಮರ ಅದು, 2017ರಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಆ ರೈತರ ಜೊತೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಎಲ್ಲ ಕಡೆ ಹೋಗೋ ಹಂಗಾಯ್ತು. ನನಗೂ ಹೆಮ್ಮೆ. ಆದ್ರೆ ಅದೂ ಯಾರೋ ಒಬ್ಬರು ಹಿತ್ತಲ ಮರ ಅಂತ ಕಡಿಯದೆ ಉಳಿಸಿದ್ದಕ್ಕೇ ಬಂದಿದ್ದು ಅಲ್ವಾ?

ಐದು ಕಸಿ ಚಿಗುರು ಬಿಟ್ಟಮೇಲೆ ಅಕ್ಟೋಬರಿನಲ್ಲಿ ಕೆಲಸ ಹಿಡಿದೆ. ಮಳೆ ಮುಗೀತಾ ಬಂದು ನೆಲ ಹದವಾಗಿರೋ ಕಾಲ. ಬೇಸಿಗೆಯಲ್ಲಿ ನಮ್ಮ ಗರಸು ಮಣ್ಣು ಕಬ್ಬಿಣ, ಜೋರು ಮಳೆಯಲ್ಲಿ ಕೆಸರು.

ಮೊದಲನೇ ದಿನ ಅಗೆತ ಇಲ್ಲ, ಬರೀ ಸಾಮಾನು. ಹಾರೆ, ಪಿಕಾಸಿ ಕುಲುಮೆಗೆ ಕೊಟ್ಟು ತಟ್ಟಿಸಿದೆ. ಕೊಡಲಿಗೆ ಹೊಸ ಕಾವು ಹಾಕಿ, ಒಂದು ಅರ ತಂದೆ. ಕೊಡಲಿ ಎರಡು ಇಟ್ಟುಕೊಳ್ಳಿ, ಒಂದು ಒಳ್ಳೇದು, ಒಂದು ಹಳೇದು. ಮಣ್ಣಿನಲ್ಲಿರೋ ಬೇರಿಗೆ ಹಳೇದು. ಚೈನ್ ಗರಗಸ ಮಣ್ಣಿಗೆ ಬೇಡವೇ ಬೇಡ, ಒಂದು ಕಲ್ಲು ತಗುಲಿದ್ರೆ ಹಲ್ಲು ಹೋಯ್ತು. ಟೇಪು ಹಿಡಿದು ನೋಡಿದೆ, ಬೊಡ್ಡೆ ಸುತ್ತಳತೆ 7 ಅಡಿ 4 ಅಂಗುಲ.

ಎರಡು, ಮೂರನೇ ದಿನ ಸುತ್ತ ಕಾಲುವೆ. ಇಲ್ಲಿ ಎಲ್ರೂ ಮಾಡೋ ತಪ್ಪು ಅಂದ್ರೆ ಬೊಡ್ಡೆಗೆ ಅಂಟಿಕೊಂಡೇ ಅಗೆಯೋದು. ಆಮೇಲೆ ಗುಂಡಿಯಲ್ಲಿ ನಿಂತು ಕೊಡಲಿ ಬೀಸೋಕೆ ಜಾಗ ಇರಲ್ಲ. ನಾನು ಬೊಡ್ಡೆಯಿಂದ ಎರಡು ಅಡಿ ಬಿಟ್ಟು, ಎರಡೂವರೆ ಅಡಿ ಅಗಲಕ್ಕೆ ಗುಂಡಗೆ ಗೆರೆ ಎಳೆದುಕೊಂಡೆ. ಮೇಲಿನ ಒಂದು ಅಡಿ ಒಳ್ಳೇ ಮಣ್ಣನ್ನ ಗೋಣಿಚೀಲ ಹಾಸಿ ಒಂದು ಕಡೆ ರಾಶಿ, ಕೆಳಗಿನ ಗರಸನ್ನ ಇನ್ನೊಂದು ಕಡೆ. ಎರಡೂ ಬೆರೆಸಿಬಿಟ್ಟರೆ ಮುಂದೆ ತರಕಾರಿ ಗರಸಿನಲ್ಲಿ ಬೆಳೀಬೇಕಾಗುತ್ತೆ. ಬೆಳಿಗ್ಗೆ ಆರರಿಂದ ಎಂಟೂವರೆ ತನಕ ಮಾತ್ರ ಕೆಲಸ. ನನಗೂ 46 ಆಯ್ತು, ಸೊಂಟ ಮೊದಲಿನ ಹಾಗಿಲ್ಲ. ಸಂಜೆ ಕಾಲುವೆಗೆ ನೀರು ಬಿಟ್ಟು ಮಲಗಿದ್ರೆ ಬೆಳಿಗ್ಗೆಗೆ ಒಂದು ಗೇಣು ಮಣ್ಣು ಮೆತ್ತಗಾಗಿರ್ತಿತ್ತು. ಅರ್ಧ ಕೆಲಸ ರಾತ್ರಿ ನೀರು ಮಾಡ್ತು.

ನಾಲ್ಕನೇ ದಿನ ಪಡುವಣ ಕಡೆ, ಬೇಲಿ ಪಕ್ಕ ಪಿಕಾಸಿ ಹಾಕಿದೆ. ಟಪ್ ಅಂತು. ಬೇರು ಅಂತ ಇನ್ನೊಂದು ಏಟು ಕೊಟ್ಟೆ. ಮುಖಕ್ಕೆ ನೀರು ಚಿಮ್ಮಿತು.

ಬೇಲಿ ಆಚೆಗಿರೋದು ಚಿಕ್ಕಪ್ಪನ ಮನೆ. ಅವರ ಬೋರಿನಿಂದ ಮನೆಗೆ ಬರೋ ಪೈಪು ನಮ್ಮ ಹಿತ್ತಲ ಅಂಚಿನಲ್ಲೇ ಬಂದಿದೆ. ಅಪ್ಪ ಮತ್ತು ಚಿಕ್ಕಪ್ಪ ಸೇರಿ ಹಾಕಿದ್ದು. ಬೇಲಿ ಆಚೆ ಇದೆ ಅಂತ ನಾನು ಅಂದುಕೊಂಡಿದ್ದೆ.

ಇಲ್ಲಿ ಒಂದು ಮಾತು ಹೇಳಬೇಕು, ಹೇಳದೇ ಹೋದ್ರೆ ಮುಂದಿನದು ಅರ್ಥ ಆಗಲ್ಲ. 1998ರಲ್ಲಿ ಪಾಲಾಯ್ತು. ಜಗಳ ಅಂತ ಏನೂ ಇಲ್ಲ. ಮದುವೆ, ಸಾವು, ಹಬ್ಬಕ್ಕೆ ಬಂದು ಹೋಗೋದು ಇದೆ. ಆದ್ರೆ ಮಾತು ಎಣಿಸಿ ಆಡೋದು. ಅಪ್ಪ ಹೋಗಿ ನಾಲ್ಕು ವರ್ಷ. ಅಲ್ಲೀತನಕ ಹಲಸಿನ ಕಾಲದಲ್ಲಿ ಹಣ್ಣು ಇಳಿಸಿದ ದಿನ ಎರಡು ಹಣ್ಣು ಬೇಲಿ ಆಚೆ ಹೋಗ್ತಿತ್ತು. ಮರ ಬಿದ್ದು ನಾಟ ಮಾರಿದಾಗ ನಾನು ಆ ಕಡೆ ಒಂದು ಮಾತೂ ಕೇಳಲಿಲ್ಲ. ಪತ್ರದ ಪ್ರಕಾರ ಮರ ನಮ್ಮ ಪಾಲಿಗೆ, ಬೇಲಿಯಿಂದ ಒಂದೂವರೆ ಮಾರು ಈಚೆ. ಅವತ್ತು ಚಿಕ್ಕಪ್ಪ ಜಗಲಿ ಮೇಲೆ ಕೂತು ಲಾರಿಗೆ ತುಂಡು ಹಾಕೋದನ್ನ ನೋಡ್ತಾ ಇದ್ರು. ಒಂದೂ ಮಾತಾಡಲಿಲ್ಲ. ಆಮೇಲಿಂದ ನಾನು ಆ ಕಡೆ ಹೋಗುವಾಗ ಎದ್ದು ಒಳಗೆ ಹೋಗೋರು. ನನಗೆ ಗೊತ್ತಾಗ್ತಿತ್ತು. ಗೊತ್ತಾಗದ ಹಾಗೆ ಇದ್ದೆ.

ಈಗ ಅವರ ನೀರು ನಮ್ಮ ಗುಂಡಿ ತುಂಬ್ತಾ ಇದೆ. ಒದ್ದೆ ಬಟ್ಟೆಯಲ್ಲೇ ಹೋಗಿ ಬಾಗಿಲಲ್ಲಿ ನಿಂತೆ. "ಚಿಕ್ಕಪ್ಪ, ಪೈಪು ಒಡೆದೋಯ್ತು. ಮೋಟ್ರು ಆಫ್ ಮಾಡಿ." ನನ್ನ ಮುಖ ನೋಡಿದ್ರು, ಮಣ್ಣು ಮೆತ್ತಿದ ಪಂಚೆ ನೋಡಿದ್ರು. ಎದ್ದು ಹೋಗಿ ಸ್ಟಾರ್ಟರ್ ಒತ್ತಿ ಬಂದ್ರು. "ಬೊಡ್ಡೆ ಕೀಳ್ತಾ ಇದ್ದೀಯಾ?" ಅಂದ್ರು. ಹೂಂ ಅಂದೆ. ಅಷ್ಟೇ.

ಪೇಟೆಗೆ ಹೋಗಿ ಕಪ್ಲಿಂಗು, ಒಂದು ತುಂಡು ಪೈಪು, ಸಲ್ಯೂಷನ್ ತಂದು ಮಧ್ಯಾಹ್ನದ ಹೊತ್ತಿಗೆ ಜೋಡಿಸಿದೆ. ಗುಂಡಿ ನೀರು ಇಂಗೋಕೆ ಒಂದು ದಿನ ಹಿಡೀತು. ಐದನೇ ದಿನ ಕೆಲಸವೇ ಇಲ್ಲ.

ಆರನೇ ದಿನ ಬೆಳಿಗ್ಗೆ ಗುಂಡಿಯಲ್ಲಿ ಬಗ್ಗಿ ಬೇರು ತೊಳೀತಾ ಇದ್ದೆ. ಬೇರು ಕಡಿಯೋಕೆ ಮುಂಚೆ ನೀರು ಹಾಕಿ ಹಳೇ ಪೊರಕೆಯಲ್ಲಿ ಉಜ್ಜಿ ಮಣ್ಣು ತೆಗೆಯೋದು ಮರೀಬೇಡಿ, ಕೊಡಲಿ ಬಾಯಿ ಹಾಳು ಮಾಡೋದು ಮರ ಅಲ್ಲ, ಮರಕ್ಕೆ ಅಂಟಿದ ಮರಳು. ಮೇಲಿಂದ ದನಿ ಬಂತು: "ಅದನ್ನ ಒಂದೇ ಕಡೆ ಕಡಿದ್ರೆ ಆಗಲ್ಲ. ಎರಡು ಕಡೆ ಕಡಿ, ಮಧ್ಯದ್ದು ತೆಗೆದು ಬಿಸಾಕು." ಬೇಲಿ ಗೂಟ ಹಿಡ್ಕೊಂಡು ಚಿಕ್ಕಪ್ಪ ನಿಂತಿದ್ರು.

ಅವರು ಹೇಳಿದ್ದು ಸರಿ. ದಪ್ಪ ಬೇರನ್ನ ಒಂದೇ ಕಡೆ ಕಡಿದ್ರೆ, ಬೊಡ್ಡೆ ಮೀಟುವಾಗ ಕಡಿದ ಎರಡು ತುದಿ ಒಂದಕ್ಕೊಂದು ತಗುಲಿ ನಿಂತುಬಿಡುತ್ತೆ. ಬೊಡ್ಡೆ ಪಕ್ಕ ಒಂದು ಕಡಿತ, ಕಾಲುವೆ ಆಚೆ ಅಂಚಿಗೆ ಒಂದು ಕಡಿತ, ಮಧ್ಯದ ತುಂಡು ಈಚೆಗೆ. ಆಗ ಬೊಡ್ಡೆ ಅಲುಗಾಡೋಕೆ ಜಾಗ. ತೊಡೆ ದಪ್ಪದ ಬೇರು ಐದಿತ್ತು, ತೋಳು ದಪ್ಪದ್ದು ಲೆಕ್ಕ ಇಡಲಿಲ್ಲ. ನೇರ ಏಟು ಹಾಕಬಾರದು, ಓರೆಯಾಗಿ ಆ ಕಡೆ ಒಂದು, ಈ ಕಡೆ ಒಂದು, ಚಕ್ಕೆ ಎಗರಬೇಕು. ಹತ್ತು ಏಟಿಗೆ ಸೋನೆ ಬಂದು ಕೊಡಲಿ ಕಚ್ಚಿಕೊಳ್ಳುತ್ತೆ. ಅವ್ವ ಕೊಟ್ಟ ಹರಳೆಣ್ಣೆ ಬಟ್ಟೆಯಿಂದ ಒರೆಸಿ ಮತ್ತೆ ಶುರು. ಬೇರು ಒಳಗೂ ಹಳದಿ, ಅರಿಶಿನ ತೇಯ್ದ ಹಾಗೆ.

ಏಳನೇ ದಿನ ಚಿಕ್ಕಪ್ಪ ಬೇಲಿ ಆಚೆಯಿಂದ ಈಚೆ ಬಂದ್ರು. ಕೈಯಲ್ಲಿ ಅವರದೇ ಹಾರೆ. 68 ವಯಸ್ಸು, ಗುಂಡಿಗೆ ಇಳೀಬೇಡಿ ಅಂದೆ. ಇಳಿದ್ರು. ಬೊಡ್ಡೆ ಸುತ್ತ ಒಂದು ಸಲ ಹಾರೆಯಿಂದ ತಟ್ಟಿ, ಮೂಡಲ ಕಡೆ ನಿಂತು, "ತಾಯಿಬೇರು ನೇರಕ್ಕೆ ಇಳಿದಿಲ್ಲ. ಈ ಕಡೆ ವಾಲಿದೆ. ಇಲ್ಲಿಂದ ಸುರಂಗ ಹೊಡಿ" ಅಂದ್ರು.

"ನಿಮಗೆ ಹೆಂಗೆ ಗೊತ್ತು?"

"ಗೇಣುದ್ದ ಸಸಿ ಇದ್ದಾಗ ಎಮ್ಮೆ ತುಳಿದು ಬಗ್ಗಿಬಿಡ್ತು. ಕೋಲು ನೆಟ್ಟು ಕಟ್ಟಿದ್ದೆ. ಮೇಲೆ ನೆಟ್ಟಗಾಯ್ತು, ಕೆಳಗೆ ಆಗ್ಲಿಲ್ಲ."

ನಾನು ಪಿಕಾಸಿ ಹಿಡ್ಕೊಂಡು ಹಾಗೇ ನಿಂತೆ. ಅವರು ಅಗೆಯೋಕೆ ಶುರು ಮಾಡಿದ್ರು.

ಅವತ್ತು ರಾತ್ರಿ ಅವ್ವನ್ನ ಕೇಳಿದೆ. ಸೊಪ್ಪು ಬಿಡಿಸ್ತಾ ಇದ್ದವಳು ತಲೆ ಎತ್ತದೆ ಹೇಳಿದ್ಲು. "ಅವನು ನೆಟ್ಟಿದ್ದಲ್ವಾ ಅದು. ನಾನು ಈ ಮನೆಗೆ ಬಂದಾಗ ನನ್ನ ಎತ್ತರ ಇತ್ತು. ಇಸ್ಕೂಲಿಂದ ಬರ್ತಾ ತಿಂದು ಬೀಜ ಹಾಕಿದ್ದಂತೆ, ಬಚ್ಚಲ ನೀರು ಹೊತ್ತು ಹಾಕೋನಂತೆ. ಪಾಲಾಗುವಾಗ ಗೆರೆ ನೆಟ್ಟಗೆ ಎಳೆದ್ರು. ಗೆರೆ ಈ ಕಡೆ ಬಂತು. ನಿಮ್ಮಪ್ಪ ಅದಕ್ಕೇ ಹಣ್ಣು ಕಳಿಸ್ತಿದ್ದದ್ದು."

"ನಾಟ ಮಾರುವಾಗ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ?"

ಅದಕ್ಕೆ ಉತ್ತರ ಇರಲಿಲ್ಲ. ಇಷ್ಟು ವರ್ಷ ಆ ಮರದ ಹಣ್ಣು ತಿಂದವನು, ಯಾರು ನೆಟ್ಟಿದ್ದು ಅಂತ ಒಂದು ದಿನ ಕೇಳಿರಲಿಲ್ಲ. ಅಪ್ಪ ಪ್ರತಿ ವರ್ಷ ತಪ್ಪದೆ ಮಾಡ್ತಿದ್ದದ್ದನ್ನ ನಾನು ಔದಾರ್ಯ ಅಂದುಕೊಂಡಿದ್ದೆ. ಅದು ಬಾಕಿ ತೀರಿಸ್ತಾ ಇದ್ದದ್ದು.

ಎಂಟು, ಒಂಬತ್ತನೇ ದಿನ ತಾಯಿಬೇರಿನ ಕೆಲಸ. ಬೀಜದಿಂದ ಅಲ್ಲೇ ಹುಟ್ಟಿದ ಹಲಸಿಗೆ ತಾಯಿಬೇರು ಆಳಕ್ಕೆ ಇಳಿದಿರುತ್ತೆ, ಕೊನೆ ಕಾಣಬೇಕು ಅಂತ ಹೋಗಬಾರದು, ಆಗಲ್ಲ. ನಾಲ್ಕು ಅಡಿ ಆಳದಲ್ಲಿ ಕಡಿದ್ರೆ ಸಾಕು, ತರಕಾರಿ ಬೇರು ಅಷ್ಟು ಕೆಳಗೆ ಹೋಗಲ್ಲ, ಉಳಿದದ್ದು ಅಲ್ಲೇ ಮಣ್ಣಾಗುತ್ತೆ. ಚಿಕ್ಕಪ್ಪ ಹೇಳಿದ ಕಡೆಯಿಂದ ಬೊಡ್ಡೆ ಅಡಿಗೆ ಸುರಂಗ ಕೊರೆದ್ವಿ. ಸರಿಯಾಗಿ ಅಲ್ಲೇ ಸಿಕ್ತು, ಓರೆಯಾಗಿ ಇಳಿದಿತ್ತು, ಒಂದು ಅಡಿ ದಪ್ಪ. ಆ ಇಕ್ಕಟ್ಟಿನಲ್ಲಿ ಕೊಡಲಿ ಬೀಸೋಕಾಗಲ್ಲ. ಎರಡು ಕೈ ಗರಗಸ ತಂದು, ನಾನೊಂದು ಕಡೆ, ಪಕ್ಕದ ಮನೆ ಹುಡುಗ ಒಂದು ಕಡೆ. ಮೊದಲು ಬೊಡ್ಡೆ ಎರಡೂ ಪಕ್ಕಕ್ಕೆ ಕಲ್ಲು ಒತ್ತು ಕೊಟ್ಟೆವು, ತಾಯಿಬೇರು ತುಂಡಾದಾಗ ಅದು ಯಾವ ಕಡೆ ವಾಲುತ್ತೋ ಹೇಳೋಕಾಗಲ್ಲ. ಬೊಡ್ಡೆ ಅಡಿಗೆ ಕೈಕಾಲು ಚಾಚಬೇಡಿ, ಎಷ್ಟೇ ಗಟ್ಟಿ ಕಂಡ್ರೂ ಬೇಡ. ಅರ್ಧ ಕುಯ್ದಮೇಲೆ ಗರಗಸ ಕಚ್ಚಿಕೊಳ್ತು, ಸೀಳಿನಲ್ಲಿ ಎರಡು ಬೆಣೆ ಹೊಡೆದು ಬಿಡಿಸಿಕೊಂಡ್ವಿ. ಒಂಬತ್ತನೇ ದಿನ ಎಂಟು ಗಂಟೆಗೆ ಒಳಗಿಂದ ಒಂದು ಸದ್ದು ಬಂತು. ಬಾಗಿಲು ಮುಚ್ಚಿದ ಹಾಗೆ. ಬೊಡ್ಡೆ ಒಂದು ಅಂಗುಲ ಕೂತಿತು.

ಈಗ ಬೊಡ್ಡೆ ಬಿಡಿಯಾಗಿದೆ, ಆದ್ರೆ ನಾಲ್ಕು ಅಡಿ ಗುಂಡಿಯಲ್ಲಿದೆ. ಅರ್ಧ ಟನ್ ಆದ್ರೂ ಇರಬೇಕು ಅಂತ ನನ್ನ ಅಂದಾಜು. ಮೇಲೆ ಹೆಂಗೆ ತರೋದು? ನಾನು ಚೈನ್ ಪುಲ್ಲಿ ಬಾಡಿಗೆಗೆ ತರೋ ಯೋಚನೆಯಲ್ಲಿದ್ದೆ. ಚಿಕ್ಕಪ್ಪ ನಕ್ಕರು, ಎರಡು ವರ್ಷದಲ್ಲಿ ನಾನು ನೋಡಿದ ಮೊದಲ ನಗು. "ನೀನು ಎತ್ತಬೇಡ. ಅದೇ ಹತ್ತುತ್ತೆ. ಮಣ್ಣು ಕೊಡು."

ಇದನ್ನ ಗಮನ ಇಟ್ಟು ಓದಿ, ಬಹಳ ಉಪಯೋಗಕ್ಕೆ ಬರುತ್ತೆ. 12 ಅಡಿ ಸರ್ವೆ ತೊಲೆ ತಗೊಂಡ್ವಿ. ತುದಿ ಬೊಡ್ಡೆ ಅಡಿಗೆ, ತುದಿಯಿಂದ ಒಂದು ಅಡಿಗೆ ಕಲ್ಲು. ಈ ಕಡೆ ಉಳಿದ ಹನ್ನೊಂದು ಅಡಿ ನಮ್ಮ ಕೈಗೆ. ಲೆಕ್ಕ ಹಾಕಿ, 60 ಕೆಜಿ ಆಳು ತುದಿಯಲ್ಲಿ ತೂಗಿದ್ರೆ ಆ ಕಡೆ 660 ಕೆಜಿ ಎತ್ತೋ ಬಲ. ಮೀಟಿದಾಗ ಬೊಡ್ಡೆ ಒಂದು ಪಕ್ಕ ನಾಲ್ಕು ಬೆರಳು ಏಳುತ್ತೆ. ಎದ್ದ ತಕ್ಷಣ ಇನ್ನೊಬ್ಬರು ಉದ್ದ ಹಿಡಿಯ ಸನಿಕೆಯಲ್ಲಿ ದೂರದಿಂದಲೇ ಅಡಿಗೆ ಗರಸು ತಳ್ಳಿ, ಕೋಲಿನಿಂದ ಗಟ್ಟಿ ಮಾಡಬೇಕು. ಬಿಟ್ಟರೆ ಬೊಡ್ಡೆ ಆ ಮಣ್ಣಿನ ಮೇಲೆ ಕೂರುತ್ತೆ, ನಾಲ್ಕು ಬೆರಳು ಮೇಲೆ. ಆಮೇಲೆ ಎದುರು ಪಕ್ಕ. ಮತ್ತೆ ಈ ಪಕ್ಕ. ತೊಟ್ಟಿಲು ತೂಗಿದ ಹಾಗೆ. ಒಂದೊಂದು ಸಲಕ್ಕೂ ಗುಂಡಿ ತುಂಬ್ತಾ ಬರುತ್ತೆ, ಬೊಡ್ಡೆ ಮೇಲೆ ಬರುತ್ತೆ. ನಮ್ಮ ತಾತ ಹೊಲದ ಬಂಡೆಗಳನ್ನ ಹೀಗೇ ಎತ್ತಿಸ್ತಿದ್ದರಂತೆ. ಹೇಗಿದ್ರೂ ಗುಂಡಿ ಮುಚ್ಚಲೇಬೇಕು, ಮುಚ್ಚೋ ಕೆಲಸದಲ್ಲೇ ಎತ್ತೋ ಕೆಲಸ ಆಗೋಯ್ತು.

ಬೊಡ್ಡೆ ಎದೆಮಟ್ಟ ಇದ್ದದ್ದು ಇಲ್ಲಿ ಕೈ ಹಿಡೀತು. ತಲೆಗೆ ಹಗ್ಗ ಕಟ್ಟಿ ಎಳೆದು ಅಲುಗಾಡಿಸೋಕೆ ಅದೇ ಹಿಡಿ. ನೆಲಮಟ್ಟಕ್ಕೆ ಕುಯ್ಸಿಬಿಟ್ಟಿದ್ರೆ ಆ ಅನುಕೂಲ ಇರ್ತಿರಲಿಲ್ಲ. ಮರ ಕಡಿಸೋರು ಬೊಡ್ಡೆ ಕೀಳೋ ಯೋಚನೆ ಇದ್ರೆ ಮೂರು ನಾಲ್ಕು ಅಡಿ ಬಿಡಿಸಿ.

ಹತ್ತು, ಹನ್ನೊಂದನೇ ದಿನ ಇದೇ ಕೆಲಸ. ತೊಲೆಗೆ ನಾನು, ಹುಡುಗ. ಮಣ್ಣಿಗೆ ನನ್ನ ಹೆಂಡತಿ. ಹಗ್ಗಕ್ಕೆ ಚಿಕ್ಕಪ್ಪ. ಅವ್ವ ಬಚ್ಚಲ ಕಲ್ಲಿನ ಮೇಲೆ ಕೂತು ಎಲ್ರಿಗೂ ಬೈಯ್ಯೋದು. ಒಂದು ಸಲ ತೊಲೆ ಜಾರಿ ನನ್ನ ಗಲ್ಲದ ಪಕ್ಕದಲ್ಲೇ ಹೋಯ್ತು. ತೊಲೆಯ ಮೇಲೆ ಬಗ್ಗಿ ನಿಲ್ಲಬೇಡಿ, ಪಕ್ಕದಲ್ಲಿ ನಿಂತು ಒತ್ತಿ. ಹನ್ನೊಂದನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಬೊಡ್ಡೆ ನೆಲದ ಮಟ್ಟಕ್ಕೆ ಬಂದು, ಒಂದು ಕೊನೇ ಮೀಟಿಗೆ ಮಗ್ಗುಲಾಗಿ ಉರುಳಿತು. ಬೇರಿನ ಮೋಟು ಆಕಾಶಕ್ಕೆ ಚಾಚಿ ಬಿದ್ದಿತ್ತು. ಯಾರೂ ಕೂಗಲಿಲ್ಲ. ಚಿಕ್ಕಪ್ಪ ಹತ್ತಿರ ಹೋಗಿ ತಾಯಿಬೇರು ಕುಯ್ದ ಜಾಗವನ್ನ ಕೈಯಲ್ಲಿ ಒರೆಸಿ ನೋಡಿದ್ರು.

ಅವತ್ತು ಸಂಜೆ ನಾನು 7,000 ರೂಪಾಯಿ ಎಣಿಸಿಕೊಂಡು ಅವರ ಮನೆಗೆ ಹೋದೆ. ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದೆ, ಬಾಗಿಲಲ್ಲಿ ಎಲ್ಲಾ ಮರೆತೋಯ್ತು. "ನಾಟದ ದುಡ್ಡು ಚಿಕ್ಕಪ್ಪ. ಅವತ್ತೇ ಕೊಡಬೇಕಿತ್ತು" ಅಂದೆ. ಬೇಡ ಅಂತಾರೆ, ಒತ್ತಾಯ ಮಾಡಬೇಕು ಅಂತ ಅಂದುಕೊಂಡಿದ್ದೆ. ಅವರು ತಗೊಂಡ್ರು. ನಿಧಾನಕ್ಕೆ ಎಣಿಸಿದ್ರು. ಜೇಬಿಗೆ ಹಾಕಿಕೊಂಡ್ರು. "ಕೂತ್ಕೋ" ಅಂದ್ರು. ಚಿಕ್ಕಮ್ಮ ಕಾಫಿ ತಂದು ಕೊಟ್ಟರು. ಆಮೇಲೆ ಮಾತಾಡಿದ್ದೆಲ್ಲ ರಾಗಿ ತೆನೆ ಬಗ್ಗೆ.

ಈಗ ಗುಂಡಿಯ ವಿಷಯ. ಕೆಳಗೆ ಗರಸು ತುಂಬಿಯಾಗಿತ್ತು. ಕೈಗೆ ಸಿಕ್ಕ ಬೇರಿನ ಚೂರೆಲ್ಲ ಆರಿಸಿ ಒಲೆಗೆ ಹಾಕಿದ್ವಿ. ಅದರ ಮೇಲೆ ಆರು ಮಂಕರಿ ಹಳೇ ಕೊಟ್ಟಿಗೆ ಗೊಬ್ಬರ, ಆಮೇಲೆ ಗೋಣಿಚೀಲದ ಮೇಲಿಟ್ಟಿದ್ದ ಒಳ್ಳೇ ಮಣ್ಣು. ನೆಲದಿಂದ ಒಂದು ಗೇಣು ಎತ್ತರಕ್ಕೇ ಬಿಟ್ಟಿದ್ದೀನಿ, ಮಣ್ಣು ಕೂರುತ್ತೆ. ಮೊದಲ ಬೆಳೆ ಅಲಸಂದೆ ಹಾಕಿದ್ದೀನಿ. ಒಳಗೆ ಉಳಿದ ಸಣ್ಣ ಬೇರು ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತೆ, ಅಲ್ಲಿ ಬದನೆ ಹಾಕಿದ್ರೆ ಎಲೆ ಹಳದಿ ಆಗುತ್ತೆ. ಅಲಸಂದೆ ತನ್ನ ಸಾರಜನಕ ತಾನೇ ಮಾಡಿಕೊಳ್ಳುತ್ತೆ. ಬದನೆ, ಮೆಣಸಿನಕಾಯಿ ಮುಂದಿನ ಮಳೆಗಾಲಕ್ಕೆ. ಅವ್ವ ಕೇಳೋಳಲ್ಲ, ಅಂಚಿಗೆ ಆಗಲೇ ನಾಲ್ಕು ಅವರೆಕಾಳು ಊರಿದ್ದಾಳೆ.

ಖರ್ಚಿನ ಲೆಕ್ಕ: ಕೊಡಲಿ ಕಾವು 180, ಅರ 90, ಹಾರೆ ಪಿಕಾಸಿ ತಟ್ಟಿಸಿದ್ದು 100, ಪೈಪಿನ ಸಾಮಾನು 130. ಒಟ್ಟು 500. ಪಕ್ಕದ ಮನೆ ಹುಡುಗ ದುಡ್ಡು ಬೇಡ ಅಂದ, ಮುಯ್ಯಾಳು ಲೆಕ್ಕ, ಅವರ ರಾಗಿ ಕುಯ್ಲಿಗೆ ನಾನು ಹೋಗಬೇಕು. ನಾಟದ ದುಡ್ಡು ಖರ್ಚಿಗೆ ಸೇರಿಸಿಲ್ಲ, ಅದು ನನ್ನದಾಗಿರಲೇ ಇಲ್ಲ.

ಬೊಡ್ಡೆ ಇನ್ನೂ ಕೊಟ್ಟಿಗೆ ಪಕ್ಕದಲ್ಲೇ ಉರುಳಿದೆ. ಒಣಗಿದ ಮೇಲೆ ಅದರ ತಿರುಳಲ್ಲಿ ಎರಡು ಮಣೆ ಮಾಡಿಸೋದು ಅಂತ ಮಾತಾಗಿದೆ, ಆ ಮನೆಗೊಂದು, ಈ ಮನೆಗೊಂದು.

ಕಸಿ ಗಿಡ ಐದರಲ್ಲಿ ಎರಡು ತೋಟಕ್ಕೆ, ಒಂದು ತಂಗಿ ಊರಿಗೆ, ಒಂದು ಆ ಹುಡುಗನ ಮನೆಗೆ. ಬೊಡ್ಡೆ ಚಿಗುರಿನ ಕಡ್ಡಿ ಆದ್ದರಿಂದ ಫಲಕ್ಕೆ ಸ್ವಲ್ಪ ತಡ ಆಗಬಹುದು, ಹಣ್ಣು ಮಾತ್ರ ಅದೇ ಕೆಂಪು ತೊಳೆ. ಐದನೇದನ್ನ ಚಿಕ್ಕಪ್ಪನೇ ಬಂದು ಆರಿಸಿಕೊಂಡ್ರು. ಬೇಲಿ ಹತ್ತಿರ ನೆಡ್ತಾರೇನೋ ಅಂತ ಗುದ್ದಲಿ ತಗೊಂಡು ಹೊರಟೆ. "ಅಲ್ಲಿ ಬೇಡ ಕಣೋ" ಅಂದ್ರು, "ಬೇಲಿಯಿಂದ ದೂರ ಹಾಕೋಣ. ಪೈಪೂ ಇದೆ."

ನಿಮ್ಮ ಕಡೆ ಬೊಡ್ಡೆ ಕೀಳೋಕೆ ಬೇರೆ ಉಪಾಯ ಇದ್ರೆ ಹೇಳಿ. ತೆಂಗಿನ ಬೊಡ್ಡೆ ಒಂದು ಇನ್ನೂ ಬಾಕಿ ಇದೆ.